520 ಚದರಡಿ ಆಫೀಸು, ಕೈಯಲ್ಲಿರೋದು ಎರಡೂವರೆ ಲಕ್ಷ: ಯಾವುದು ಮಾಡಿಸೋದು, ಯಾವುದು ಬಿಡೋದು?

ಬಿಎಚ್‌ರಸ್ತೆ_ಲೆಕ್ಕಿಗ
ತುಮಕೂರು, ಟ್ಯಾಕ್ಸ್ ಪ್ರಾಕ್ಟೀಸ್ ಆಫೀಸು. ಎರಡನೇ ಮಹಡಿ, ತಲೆ ಮೇಲೆ ನೇರ ತಾರಸಿ. 26 × 20 ಅಡಿ, ಎತ್ತರ 10 ಅಡಿ. ಆರು ಮೇಜು ಬೇಕು, 10 × 8ರ ಒಂದು ಕ್ಯಾಬಿನ್ ಬೇಕು. ಬಾಡಿಗೆ ಜಾಗ, 11 ತಿಂಗಳ ಅಗ್ರಿಮೆಂಟು, ವರ್ಷ ವರ್ಷ ರಿನ್ಯೂ ಆಗ್ತಿದೆ.

ಸದ್ಯದ ಸ್ಥಿತಿ: ಹಿಂದಿನ ಗೋಡೆ ತೇವ, ಆಚೆ ಬದಿ ಟಾಯ್ಲೆಟ್. ಸುಮಾರು 4 ಅಡಿ ಎತ್ತರದವರೆಗೆ ಬಣ್ಣ ಚಕ್ಕೆ ಎದ್ದು ಬಿಳಿ ಉಪ್ಪು ಬಂದಿದೆ. ನೆಲ ಹಳೇ ಮೊಸಾಯಿಕ್, ಒಡೆದಿಲ್ಲ, ಮಂಕಾಗಿದೆ ಅಷ್ಟೇ. ವೈರಿಂಗ್ ಹಳೇದು, ಅರ್ಧ ಸಾಕೆಟ್‌ಗೆ ಅರ್ಥಿಂಗೇ ಇಲ್ಲ.

ಒಬ್ಬ ಕಾಂಟ್ರ್ಯಾಕ್ಟರ್ 4.8 ಲಕ್ಷದ ಕೊಟೇಶನ್ ಕೊಟ್ಟಿದ್ದಾರೆ. ಅದರಲ್ಲಿ ಫಾಲ್ಸ್ ಸೀಲಿಂಗ್, ಮೊಸಾಯಿಕ್ ಮೇಲೆ ಟೈಲ್ಸ್, ತೇವದ ಗೋಡೆಗೆ ಪಿವಿಸಿ ಪ್ಯಾನೆಲ್, ಹೊಸ ಮೇಜು ಕುರ್ಚಿ, ಪೇಂಟ್ ಇದೆ. ವೈರಿಂಗ್ ಬಗ್ಗೆ ಒಂದೇ ಸಾಲು, "ಅಗತ್ಯವಿದ್ದಲ್ಲಿ". 2.5 ಲಕ್ಷದ ಮೇಲೆ ಒಂದು ರೂಪಾಯಿ ಇಲ್ಲ. ಏನು ಕೈಬಿಡಲಿ?

ಕರಣೆ
ಕೊಟೇಶನ್ನೇ ಕೈಬಿಡಿ.

ಕುಡ್ಲ_ಸಿವಿಲ್
ತೇವದ ಗೋಡೆಗೆ ಪಿವಿಸಿ ಪ್ಯಾನೆಲ್ ಹೊಡೆಯುವುದು ಅಂದ್ರೆ ಕಾಯಿಲೆಗೆ ಅಂಗಿ ತೊಡಿಸಿದ ಹಾಗೆ ಮಾರಾಯ್ರೆ. ಹಿಂದೆ ನೀರು ಇಳಿಯುತ್ತಲೇ ಇರ್ತದೆ, ಬೂಸ್ಟು ಬೆಳೀತದೆ, ಪ್ಯಾನೆಲ್ ಹೊಡೆಯಲಿಕ್ಕೆ ಹಾಕಿದ ಮರದ ಪಟ್ಟಿಗೆ ಗೆದ್ದಲು ಹಿಡೀತದೆ.

ಮೊದಲು ನೀರು ಎಲ್ಲಿಂದ ಅಂತ ಪತ್ತೆ ಮಾಡಿ. ಟಾಯ್ಲೆಟ್ಟಿನ ನಹಾನಿ ಟ್ರ್ಯಾಪ್‌ಗೆ (ನೆಲದ ನೀರು ಹೋಗುವ ತೂತು) ಬಟ್ಟೆ ತುರುಕಿ ಬಂದ್ ಮಾಡಿ, ನೆಲದಲ್ಲಿ ಒಂದಿಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. ಆ ಹೊತ್ತಿಗೆ ನಿಮ್ಮ ಕಡೆ ತೇವ ಜಾಸ್ತಿ ಆದ್ರೆ ನೆಲದ ಸಂದು ಅಥವಾ ಟ್ರ್ಯಾಪಿನ ಸುತ್ತಲಿನದ್ದೇ ಸಮಸ್ಯೆ. ಆಗದಿದ್ರೆ ಟ್ರ್ಯಾಪ್ ಬಿಡಿಸಿ, ನೆಲ ಒಣಗಿಸಿ, ಎಲ್ಲ ನಲ್ಲಿ ಬಂದ್ ಮಾಡಿ. ಟ್ಯಾಂಕಿನ ವಾಲ್ವ್ ಮಾತ್ರ ತೆರೆದೇ ಇರಲಿ. ಆಗಲೂ ಗೋಡೆ ಒದ್ದೆ ಆದ್ರೆ ಗೋಡೆಯೊಳಗಿನ ನೀರಿನ ಪೈಪ್.

ಎರಡಕ್ಕೂ ಖರ್ಚು ಬೇರೆ ಬೇರೆ ಉಂಟು. ಮೊದಲನೆಯದಕ್ಕೆ ಟೈಲ್ಸ್ ಸಂದು ಕೆರೆದು ಎಪಾಕ್ಸಿ ಗ್ರೌಟ್ (ನೀರು ಬಿಡದ ಅಂಟಿನ ಪೇಸ್ಟ್) ತುಂಬಿದ್ರೆ ಬಹಳಷ್ಟು ಸಲ ಸಾಕಾಗ್ತದೆ. ಎರಡನೆಯದಕ್ಕೆ ಗೋಡೆ ಒಡೆಯಲೇಬೇಕು, ಅಥವಾ ಹಳೇ ಲೈನ್ ಸತ್ತಿತು ಅಂತ ಬಿಟ್ಟು ಹೊರಗಿಂದ ಹೊಸ ಸಿಪಿವಿಸಿ ಪೈಪ್ ಎಳೆಯಬೇಕು.

ಕರಣೆ
ಅದು ಮುಗಿದ ಮೇಲೆ ಗಾರೆ. ತೇವ ಕಾಣೋ ಗೆರೆಗಿಂತ ಒಂದಡಿ ಜಾಸ್ತಿಗೇ ಹಳೇ ಗಾರೆ ಕಿತ್ತು ಇಟ್ಟಿಗೆ ಕಾಣಿಸಬೇಕು. ಇಟ್ಟಿಗೆ ಸಂದು 10 ಮಿ.ಮೀ. ಕೆರೀಬೇಕು. ಉಪ್ಪನ್ನ ಒಣ ಬ್ರಷ್‌ನಲ್ಲೇ ಉಜ್ಜಬೇಕು, ನೀರು ಹಾಕಿ ತೊಳೆದ್ರೆ ಕರಗಿ ವಾಪಸ್ ಇಟ್ಟಿಗೆಯೊಳಗೇ ಹೋಗುತ್ತೆ. ಆಮೇಲೆ 1:4 ಗಾರೆ (ಸಿಮೆಂಟ್ ಒಂದು ಪಾಲು, ಮರಳು ನಾಲ್ಕು), 12ರಿಂದ 15 ಮಿ.ಮೀ. ದಪ್ಪ, 50 ಕೆ.ಜಿ. ಸಿಮೆಂಟ್ ಚೀಲಕ್ಕೆ 200 ಮಿ.ಲೀ. ವಾಟರ್‌ಪ್ರೂಫಿಂಗ್ ದ್ರವ. ಏಳು ದಿನ ಕ್ಯೂರಿಂಗ್.

ಈ ದ್ರವವನ್ನ ಮೇಸ್ತ್ರಿಗಳು ಕಣ್ಣಳತೆಯಲ್ಲಿ ಸುರೀತಾರೆ. ಮುಚ್ಚಳದಲ್ಲಿ ಅಳೆದು, ಕಲಸೋ ನೀರಿಗೇ ಮೊದಲು ಬೆರೆಸೋಕೆ ಹೇಳಿ.

ಉಪ್ಪುಕಾಗದ
ಹೊಸ ಗಾರೆ ಮೇಲೆ 28 ದಿನ ಪುಟ್ಟಿ ಮುಟ್ಟಿಸಬೇಡಿ. ಅಷ್ಟು ಕಾಯೋಕಾಗಲ್ಲ ಅಂದ್ರೆ ಆ ಭಾಗ ಮಾತ್ರ ಬರೀ ಗಾರೆಯಾಗೇ ಬಿಟ್ಟು ಉಳಿದ ಗೋಡೆ ಮುಗಿಸಿ. ಪುಟ್ಟಿ ಹೊಡೆಯೋ ಮುಂಚೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಗೋಡೆ ಕಡೆ ಮುಖದಲ್ಲಿ ಹನಿ ಕಂಡ್ರೆ ಗೋಡೆ ಇನ್ನೂ ಒಣಗಿಲ್ಲ.

ಉಳಿದ ಗೋಡೆ ಮೇಲೆ ಈಗಿರೋದು ಡಿಸ್ಟೆಂಪರ್ರಾ? ಒದ್ದೆ ಬಟ್ಟೇಲಿ ಉಜ್ಜಿ ನೋಡಿ, ಬಣ್ಣ ಕೈಗೆ ಬಂದ್ರೆ ಡಿಸ್ಟೆಂಪರ್. ಅದನ್ನ ಪೂರ್ತಿ ಕೆರೆದು ತೆಗೀಬೇಕು. ಕೆರೆಯೋದು ಬೇಜಾರಿನ ಕೆಲಸ ಅಂತ ಅದರ ಮೇಲೇ ಪುಟ್ಟಿ ಎಳೀತಾರೆ. ಹೊಸ ಪುಟ್ಟಿ ಡಿಸ್ಟೆಂಪರ್ ಸಮೇತ ಹಪ್ಪಳ ಹಪ್ಪಳವಾಗಿ ಬೀಳುತ್ತೆ.

ಲೆಕ್ಕ: ಗೋಡೆ 92 × 10 = 920, ಬಾಗಿಲು ಕಿಟಕಿ ಕಳೆದ್ರೆ ಸುಮಾರು 800. ಸೀಲಿಂಗ್ 520. ಒಟ್ಟು 1,320 ಚದರಡಿ. ಎಮಲ್ಶನ್ ಎರಡು ಕೋಟ್‌ಗೆ ಲೀಟರಿಗೆ 65 ಚದರಡಿ ಹಿಡಿದ್ರೆ 20 ಲೀಟರ್ ಬಕೆಟ್ ಒಂದು ಸಾಕು. ಪುಟ್ಟಿ ಗೋಡೆಗೆ ಮಾತ್ರ, 40 ಕೆ.ಜಿ. ಚೀಲ ಎರಡು. ಸೀಲಿಂಗ್‌ಗೆ ಪುಟ್ಟಿ ಬೇಡ, ಪ್ರೈಮರ್ ಹೊಡೆದು ಬಿಳಿ ಎಮಲ್ಶನ್.

ಅಳತೆ ನೀವೂ ಪೇಂಟರೂ ಜೊತೆಗೆ ನಿಂತು ಟೇಪ್ ಹಿಡಿದು ಬರೆದುಕೊಳ್ಳಿ. ಬಾಗಿಲು ಕಿಟಕಿ ಕಳೀಬೇಕೋ ಬೇಡವೋ ಅನ್ನೋದು ಮೊದಲೇ ಮಾತಾಗಿರಲಿ. ಕೊನೇ ಬಿಲ್ಲಿನ ಜಗಳ ಅಲ್ಲೇ ಶುರುವಾಗೋದು.

ಮೈಸೂರು_ಒಳಾಂಗಣ
ಫಾಲ್ಸ್ ಸೀಲಿಂಗ್ ಬಗ್ಗೆ ಎಲ್ಲರೂ ಈಗ ಬೈತಾರೆ ಅಂತ ಗೊತ್ತು. ಆದ್ರೆ ಮೇಲೆ ನೇರ ತಾರಸಿ ಅಂತಿದಾರೆ, ಏಪ್ರಿಲ್‌ನಲ್ಲಿ ಸ್ಲ್ಯಾಬ್ ಕಾದು ಬಿಸಿ ಕೆಳಗಿಳಿಯುತ್ತೆ. 2 × 2ರ ಗ್ರಿಡ್ ಸೀಲಿಂಗ್ ಹಾಕಿದ್ರೆ ನಡುವಿನ ಗಾಳಿಯಿಂದ ಸ್ವಲ್ಪ ತಡೆಯುತ್ತೆ, ವೈರೂ ಒಳಗೆ ಹೋಗುತ್ತೆ, ರಿಪೇರಿ ಬಂದ್ರೆ ಒಂದು ಹಾಳೆ ಎತ್ತಿದ್ರೆ ಆಯ್ತು.

ಧಾರವಾಡದಾಂವ
ಮೇಡಂ, ಚದರಡಿಗೆ 100 ಹಿಡದ್ರೂ 52 ಸಾವಿರ ಆತು. ಅದಕ್ಕ ಪ್ಯಾನೆಲ್ ಲೈಟ್ ಬ್ಯಾರೆ. ಬಿಸಿ ತಡಿಯೋದ ಉದ್ದೇಶ ಇದ್ರ ತಾರಸಿ ಮ್ಯಾಲೆ ಬಿಳಿ ಕೂಲ್ ರೂಫ್ ಕೋಟ್ ಹೊಡಸ್ರಿ, ಬಿಸಲು ಸ್ಲ್ಯಾಬಿಗೆ ಹತ್ತೂಕಿಂತ ಮೊದ್ಲ ವಾಪಸ್ ಹೋಗ್ತೈತಿ. ಅದೂ ಆಗಂಗಿಲ್ಲಂದ್ರ ಫೆಬ್ರವರಿ ಒಳಗ ಸುಣ್ಣ ಬಳಸ್ರಿ. ಮಳಿಗಾಲಕ್ಕ ತೊಳದು ಹೋಗ್ತೈತಿ, ಹೋಗ್ಲಿ ಬಿಡ್ರಿ, ಬ್ಯಾಸಗಿ ಅಂತೂ ಕಳೀತೈತಿ.

ಕುಡ್ಲ_ಸಿವಿಲ್
ಇನ್ನೊಂದು ವಿಷಯ. ಮೇಲಿನ ಮಹಡಿಯಲ್ಲಿ ಸೀಲಿಂಗ್ ಮುಚ್ಚಿದ್ರೆ ತಾರಸಿ ಸೋರುವುದು ಗೊತ್ತೇ ಆಗುವುದಿಲ್ಲ. ಜಿಪ್ಸಮ್ ಹಾಳೆ ನೆನೆದು ಜೋತುಬಿದ್ದಾಗಲೇ ಗೊತ್ತಾಗುವುದು. ಅಷ್ಟು ಹೊತ್ತಿಗೆ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದಾಗಿರ್ತದೆ. ಗ್ರಿಡ್ಡಾದ್ರೆ ಕಲೆ ಬೇಗ ಕಾಣ್ತದೆ, ಅದೊಂದು ಒಪ್ತೇನೆ.

ಮೈಸೂರು_ಒಳಾಂಗಣ
ಸರಿ, ಸೀಲಿಂಗ್ ಬಿಟ್ಟೆ. ಆದ್ರೆ ಲೈಟ್ ಬಿಡಲ್ಲ. ಹಳೇ ಆಫೀಸುಗಳಲ್ಲಿ ನಾಲ್ಕು ಟ್ಯೂಬ್ ಹಾಕಿ ಮುಗಿಸಿರ್ತಾರೆ, ಸಂಜೆ ಆರಕ್ಕೆಲ್ಲ ತಲೆನೋವು. 520 ಚದರಡಿ ಅಂದ್ರೆ 48 ಚದರ ಮೀಟರ್. ಮೇಜಿನ ಮೇಲೆ 300 ಲಕ್ಸ್ (ಒಂದು ಚದರ ಮೀಟರ್ ಮೇಲೆ ಬೀಳೋ ಬೆಳಕಿನ ಅಳತೆ) ಬೇಕು ಅಂದ್ರೆ, ಗೋಡೆ ಸೀಲಿಂಗ್ ನುಂಗೋ ಬೆಳಕು, ಧೂಳು ಎಲ್ಲ ಸೇರಿಸಿ ದೀಪಗಳಿಂದ ಒಟ್ಟು ಸುಮಾರು 30,000 ಲ್ಯುಮೆನ್ ಬೆಳಕು ಬರಬೇಕು. 20 ವ್ಯಾಟಿನ ಎಲ್‌ಇಡಿ ಬ್ಯಾಟನ್ (ಪಟ್ಟಿ ಟ್ಯೂಬ್) 2,000 ಲ್ಯುಮೆನ್ ಕೊಡುತ್ತೆ. 15 ಬೇಕು.

ಧಾರವಾಡದಾಂವ
15! ಆಫೀಸೋ ಮದವಿ ಮಂಟಪಾನೋ?

ಮೈಸೂರು_ಒಳಾಂಗಣ
15 × 20 = 300 ವ್ಯಾಟ್ ರೀ. ಹಳೇ ಫ್ಯಾನ್ ನಾಲ್ಕು ತಿರುಗಿದ್ರೂ ಅಷ್ಟೇ ಕರೆಂಟು. ಮೂರು ಸ್ವಿಚ್‌ಗೆ ಐದೈದು ಹಂಚಿ, ಕಿಟಕಿ ಕಡೆ ಸಾಲು ಬೆಳಿಗ್ಗೆ ಆರಿಸಿಟ್ರಾಯ್ತು. 6,500 ಕೆಲ್ವಿನ್‌ನ ನೀಲಿ ಛಾಯೆಯ ಬಿಳಿ ತಗೋಬೇಡಿ, 4,000ದ್ದು ತಗೊಳ್ಳಿ, ದಿನವಿಡೀ ಕಾಗದ ನೋಡೋರಿಗೆ ಅದು ಹಿತ.

ಮತ್ತೆ ಜಾಗ: ಟ್ಯೂಬ್ ಫ್ಯಾನಿನ ರೆಕ್ಕೆಗಿಂತ ಮೇಲೆ, ಅದೇ ನೇರದಲ್ಲಿ ಬಂದ್ರೆ ರೆಕ್ಕೆ ನೆರಳು ಮೇಜಿನ ಮೇಲೆ ಪಟಪಟ ಅಂತಿರುತ್ತೆ. ಫ್ಯಾನಿನ ಸುತ್ತಳತೆಯಿಂದ ಹೊರಗಿಡಿ. ಕಂಪ್ಯೂಟರ್ ಪರದೆ ಕಿಟಕಿಗೆ ಅಡ್ಡಲಾಗಿರಲಿ, ಎದುರಿಗೂ ಬೇಡ ಬೆನ್ನಿಗೂ ಬೇಡ.

ಫೇಸ್_ನ್ಯೂಟ್ರಲ್
ಈಗ ಅಸಲಿ ವಿಷಯಕ್ಕೆ ಬನ್ನಿ. "ಅಗತ್ಯವಿದ್ದಲ್ಲಿ" ವೈರಿಂಗ್ ಅಂದ್ರೆ ಕೆಲಸ ಅರ್ಧ ಆದ ಮೇಲೆ ಎಕ್ಸ್‌ಟ್ರಾ ಬಿಲ್ ಅಂತ ಅರ್ಥ. ಗೋಡೆ ಕೊರೆಯೋದು ಬೇಡ, ಪಿವಿಸಿ ಕೇಸಿಂಗ್ ಕ್ಯಾಪಿಂಗ್ (ಗೋಡೆ ಮೇಲೆ ಹೊಡೆಯೋ ಮುಚ್ಚಳದ ಪಟ್ಟಿ) ಹಾಕಿ ಹೊರಗಿಂದಲೇ ಎಳೆಯಿರಿ. ಗಾರೆ ಖರ್ಚು ಉಳಿಯುತ್ತೆ, ಖಾಲಿ ಮಾಡುವಾಗ ಬಿಚ್ಚಿಕೊಂಡೂ ಹೋಗಬಹುದು.

ಸರ್ಕ್ಯೂಟ್ ಹೀಗೆ ಒಡೀರಿ. ಲೈಟು ಫ್ಯಾನು 1.5 ಚದರ ಮಿ.ಮೀ. ವೈರ್, 10 ಆಂಪ್ಸ್ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ತಾನೇ ಬೀಳೋ ಸ್ವಿಚ್). ಕಂಪ್ಯೂಟರ್ ಸಾಕೆಟ್ ಎರಡು ಸರ್ಕ್ಯೂಟ್, ಮೂರು ಮೂರು ಮೇಜು, 2.5 ವೈರ್, 16 ಆಂಪ್ಸ್. ಪ್ರಿಂಟರ್‌ಗೆ ಬೇರೆಯೇ ಒಂದು 2.5. ಎಸಿ ಮುಂದೆ ಬರುತ್ತೆ ಅಂದ್ರೆ ಈಗಲೇ 4 ಚದರ ಮಿ.ಮೀ. ಒಂದು ಎಳೆದಿಡಿ. ಮೇನ್‌ನಲ್ಲಿ 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಬೀಳೋ ಸ್ವಿಚ್).

ಎಡವೋದು ಎಲ್ಲಿ ಅಂದ್ರೆ, ಹಳೇ ವೈರಿಂಗ್‌ನಲ್ಲಿ ಒಂದು ಸರ್ಕ್ಯೂಟಿನ ನ್ಯೂಟ್ರಲ್ ಇನ್ನೊಂದಕ್ಕೆ ಕದ್ದು ಕೊಟ್ಟಿರ್ತಾರೆ. ಅದರಲ್ಲಿ ಒಂದಿಷ್ಟು ಹಳೇದು ಉಳಿಸಿಕೊಂಡು ಅರ್ಧಕ್ಕೆ ಮಾತ್ರ ಆರ್‌ಸಿಸಿಬಿ ಹಾಕಿದ್ರೆ ಒಂದು ಲೈಟ್ ಹಾಕಿದ ತಕ್ಷಣ ಪೂರ್ತಿ ಬೀಳುತ್ತೆ. ಎಲೆಕ್ಟ್ರಿಷಿಯನ್ "ಆರ್‌ಸಿಸಿಬಿ ಸರಿಯಿಲ್ಲ ಸಾರ್" ಅಂತ ಅದನ್ನೇ ಕಿತ್ತು ಪಕ್ಕಕ್ಕಿಡ್ತಾನೆ. ಆರ್‌ಸಿಸಿಬಿ ಸರಿಯಾಗೇ ಇರುತ್ತೆ, ನ್ಯೂಟ್ರಲ್ ಬೆರೆತಿರುತ್ತೆ.

ಅರ್ಥಿಂಗ್ ಇದೆಯಾ ಅಂತ ನೀವೇ ನೋಡಬಹುದು. ಮಲ್ಟಿಮೀಟರ್‌ನಲ್ಲಿ ಫೇಸ್ ನ್ಯೂಟ್ರಲ್ 230 ತೋರಿಸಿದ್ರೆ ಫೇಸ್ ಅರ್ಥ್ ಕೂಡ ಹತ್ತಿರ ಹತ್ತಿರ ಅಷ್ಟೇ ಬರಬೇಕು. 120, 150 ಅಂತ ತೇಲಾಡ್ತಿದ್ರೆ ಅರ್ಥ್ ವೈರ್ ಎಲ್ಲೋ ತುಂಡಾಗಿದೆ, ಇಲ್ಲವೇ ಬರೀ ನೆಪಕ್ಕೆ ಪಿನ್ ಇದೆ. ಒಳಗೆ ಎಷ್ಟೇ ಹಸಿರು ವೈರ್ ಎಳೆದ್ರೂ ಕೆಳಗೆ ಅರ್ಥ್ ಪಿಟ್ (ಅರ್ಥ್ ವೈರನ್ನ ನೆಲಕ್ಕೆ ಸೇರಿಸೋ ಗುಂಡಿ) ಇಲ್ಲದಿದ್ರೆ ಪ್ರಯೋಜನ ಇಲ್ಲ. ಪಿಟ್ ಓನರ್ ಕೈಯಲ್ಲಿ ಮಾಡಿಸಿ.

ಬಿಎಚ್‌ರಸ್ತೆ_ಲೆಕ್ಕಿಗ
ಪ್ರಿಂಟರ್‌ಗೆ ಯಾಕೆ ಬೇರೆ ಲೈನ್? ಯುಪಿಎಸ್‌ಗೇ ಹಾಕೋಣ ಅಂತಿದ್ದೆ, ಕರೆಂಟ್ ಹೋದಾಗ್ಲೇ ಎಲ್ಲರಿಗೂ ರಿಟರ್ನ್ ಕಾಪಿ ಬೇಕಾಗೋದು.

ಫೇಸ್_ನ್ಯೂಟ್ರಲ್
ಲೇಸರ್ ಆದ್ರೆ ಹಾಕಲೇಬೇಡಿ. ಒಳಗಿನ ಫ್ಯೂಸರ್ ಹೀಟರ್ ಬಿಸಿಯಾಗುವಾಗ ಸಾವಿರ ವ್ಯಾಟ್ ಹತ್ತಿರ ಎಳೆಯುತ್ತೆ, ಅದೂ ಬಿಟ್ಟು ಬಿಟ್ಟು. ಸಣ್ಣ ಯುಪಿಎಸ್ ಓವರ್‌ಲೋಡ್ ಅಂತ ಕಿರುಚಿ ಕೂತುಬಿಡುತ್ತೆ, ಆರೂ ಕಂಪ್ಯೂಟರ್ ಅದರ ಜೊತೆ. ಇಂಕ್‌ಟ್ಯಾಂಕ್ ಆದ್ರೆ ಪರವಾಗಿಲ್ಲ, ಅದಕ್ಕೆ ಬೇಕಿರೋದು ಹತ್ತಿಪ್ಪತ್ತು ವ್ಯಾಟ್. ಯುಪಿಎಸ್ ಸಾಕೆಟ್ ಬಣ್ಣವೇ ಬೇರೆ ಮಾಡಿ, ಕೆಟಲ್ ತಂದು ಅದಕ್ಕೇ ಚುಚ್ಚೋರು ಎಲ್ಲ ಆಫೀಸಲ್ಲೂ ಇರ್ತಾರೆ.

ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತಲೂ ನೋಡಿಕೊಳ್ಳಿ. ಎಸಿ ತಂದ ಮೇಲೆ ನೋಡೋದಲ್ಲ.

ರೌಟರ್‌ರಾಯ
ಗೋಡೆ ಮೇಲೆ ಪಟ್ಟಿ ಹೊಡೆಯುವಾಗಲೇ ನೆಟ್‌ವರ್ಕಿಗೆ ಬೇರೆ ಪಟ್ಟಿ ಹೊಡೆಸಿ. ಕರೆಂಟ್ ವೈರಿನ ಜೊತೆ ಒಂದೇ ಪಟ್ಟಿಯಲ್ಲಿ ತುರುಕಬೇಡಿ. ಏಳು ಪಾಯಿಂಟ್ (ಆರು ಮೇಜು, ಪ್ರಿಂಟರ್), ಸರಾಸರಿ 12 ಮೀಟರ್, 100 ಮೀಟರ್ ಕ್ಯಾಟ್6 ನೆಟ್‌ವರ್ಕ್ ಕೇಬಲ್ ರೋಲ್ ಸಾಕು. ಅಗ್ಗಕ್ಕೆ ಸಿಗೋ ರೋಲು ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಚಾಕುವಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಿ ಬಣ್ಣ ಕಂಡ್ರೆ ವಾಪಸ್ ಕೊಡಿ. ಬಗ್ಗಿಸಿದ ಕಡೆ ತುಂಡಾಗುತ್ತೆ, ಅದರ ಮೇಲೆ ಕ್ಯಾಮೆರಾಗೆ ಪವರ್ ಕಳಿಸಿದ್ರೆ ಬಿಸಿಯಾಗುತ್ತೆ.

ನೆಟ್‌ವರ್ಕ್ ಸ್ವಿಚ್ (ಎಲ್ಲ ಕೇಬಲ್ ಬಂದು ಸೇರೋ ಪೆಟ್ಟಿಗೆ) 16 ಪೋರ್ಟಿಂದೇ ತಗೊಳ್ಳಿ. 8ರಲ್ಲಿ ರೌಟರ್‌ಗೊಂದು, ಏಳು ಪಾಯಿಂಟ್, ಅಲ್ಲಿಗೇ ಭರ್ತಿ.

ಕೀಸುಳಿ
ಮರದ ಕೆಲಸ ಯಾರೂ ಕೇಳ್ತಿಲ್ಲ, ನಾನೇ ಹೇಳ್ತೀನಿ. 8 × 4ರ ಒಂದು ಹಾಳೇಲಿ 4 × 2ರ ನಾಲ್ಕು ಮೇಜಿನ ಹಲಗೆ ಬರುತ್ತೆ. ಗರಗಸದ ಬಾಯಿಗೆ ಹೋಗೋ ಎರಡು ಮೂರು ಮಿ.ಮೀ. ಬಿಟ್ರೆ ತುಂಡು ವೇಸ್ಟೇ ಇಲ್ಲ. ನಿಮಗೆ ಬೇಕಿರೋದು ಆರು, ಎರಡು ಹಾಳೆ ತಗೊಳ್ಳಿ, ಮಿಕ್ಕಿದ ಎರಡರಲ್ಲಿ ಒಂದು ಪ್ರಿಂಟರ್‌ಗೆ, ಒಂದು ಕ್ಯಾಬಿನ್ನಿಗೆ. ಮೇಜು 4 ಅಡಿ 3 ಇಂಚು ಬೇಕು ಅಂತ ಆಸೆ ಬಿದ್ರೆ ಹಾಳೆಗೆ ಎರಡೇ ಬರೋದು ನೆನಪಿರಲಿ. ಆ 3 ಇಂಚಿಗೆ ಹತ್ತಿರ ಹತ್ತಿರ ಅರ್ಧ ಹಾಳೆ ಹೋಗುತ್ತೆ.

ಪ್ರೀಲ್ಯಾಮ್ (ಮೇಲೆ ಲ್ಯಾಮಿನೇಟ್ ಅಂಟಿಸಿಯೇ ಬರೋ) ಪಾರ್ಟಿಕಲ್ ಬೋರ್ಡ್ 25 ಮಿ.ಮೀ. ತಗೊಂಡ್ರೆ ಬಾಗಲ್ಲ. 18ರದ್ದಾದ್ರೆ ಕೆಳಗೆ ಅಡ್ಡಪಟ್ಟಿ ಕೊಡಿ. ಎಡ್ಜ್ ಬ್ಯಾಂಡ್ (ಅಂಚಿಗೆ ಅಂಟಿಸೋ ಪಟ್ಟಿ) ಮುಂದಿನ ಅಂಚಿಗೆ 2 ಮಿ.ಮೀ., ಹಿಂದೆ ಕಾಣದ ಕಡೆ 0.8. ಹಿಂದೆ ಕಾಣಲ್ಲ ಅಂತ ಬಿಟ್ಟೇಬಿಡಬೇಡಿ, ಬರೀ ಅಂಚು ತೇವ ಕುಡಿದು ಉಬ್ಬುತ್ತೆ. ಎತ್ತರ ನೆಲದಿಂದ 29.5 ಇಂಚು. ಕಾಲು ಕಬ್ಬಿಣದ ಚೌಕ ಪೈಪಿಂದು, ಮರದ ಕಾಲಿಗೆ ನೆಲ ಒರೆಸೋ ನೀರು ಶತ್ರು.

ಧಾರವಾಡದಾಂವ
ಹೊಸಾ ಮೇಜು ಯಾಕ್ರೀ? ಬೆಂಗಳೂರು 70 ಕಿಲೋಮೀಟರ್ ಐತಿ. ಕಂಪನಿಗಳು ಖಾಲಿ ಮಾಡಿದ ವರ್ಕ್‌ಸ್ಟೇಷನ್ ಗುಡ್ಡೆ ಹಾಕಿ ಮಾರ್ತಾರ.

ಕೀಸುಳಿ
ಕುರ್ಚಿಗೆ ಒಪ್ತೀನಿ, ವರ್ಕ್‌ಸ್ಟೇಷನ್ನಿಗೆ ಒಪ್ಪಲ್ಲ. ಅವು ಒಂದಕ್ಕೊಂದು ಕಚ್ಚಿಕೊಂಡಿರೋ ಸೆಟ್ಟು. ಬಿಚ್ಚುವಾಗ ಬ್ರಾಕೆಟ್ ಅರ್ಧ ಕಳೆದಿರ್ತಾರೆ, ಇಲ್ಲಿ ಬಂದು ಜೋಡಿಸಿದ್ರೆ ಅಲ್ಲಾಡುತ್ತೆ. ತಗೊಳ್ಳೋದೇ ಆದ್ರೆ ಅಲ್ಲೇ ಒಂದು ಸೆಟ್ ಪೂರ್ತಿ ಜೋಡಿಸಿ ತೋರಿಸೋಕೆ ಹೇಳಿ, ಬ್ರಾಕೆಟ್ ಎಣಿಸಿ ಟಾಟಾ ಏಸ್‌ಗೆ ಹತ್ತಿಸಿ.

ಹಳೇ ಕುರ್ಚಿ ನೋಡೋ ಕ್ರಮ: ಪೂರ್ತಿ ಎತ್ತರಕ್ಕೆ ಎತ್ತಿ ಕೂತ್ಕೊಳ್ಳಿ, ಮಾತಾಡ್ತಾ ಇರಿ. ನಿಧಾನಕ್ಕೆ ಇಳೀತಾ ಹೋದ್ರೆ ಗ್ಯಾಸ್ ಲಿಫ್ಟ್ ಹೋಗಿದೆ. ಅದೇನು ಬದಲಾಯಿಸಬಹುದು. ಆದ್ರೆ ಬೋರಲು ಹಾಕಿ ನೋಡಿದಾಗ ಐದು ಕಾಲಿನ ನಡುವೆ ಕೂದಲೆಳೆ ಬಿರುಕು ಕಂಡ್ರೆ ಆ ಕುರ್ಚಿ ಬೇಡ.

ಪಂಚಾಂಗ
ಯಜಮಾನರು ಪೂರ್ವಾಭಿಮುಖವಾಗಿ ಕೂರಬೇಕು, ಕರೆಂಟ್ ಬೋರ್ಡು ಆಗ್ನೇಯಕ್ಕೆ. ಅದನ್ನು ಮೊದಲು ನೋಡಿ.

ಫೇಸ್_ನ್ಯೂಟ್ರಲ್
ಮೀಟರ್ ವಾಯವ್ಯದಲ್ಲಿದೆ ಅಂದ್ರೆ ಆಗ್ನೇಯಕ್ಕೆ ಮೇನ್ ಕೇಬಲ್ ಎಳೆಯೋ ದುಡ್ಡು ಯಾರು ಕೊಡ್ತಾರೆ ಸ್ವಾಮಿ?

ಪಂಚಾಂಗ
ಬೋರ್ಡು ಬಿಡಿ, ಕೂರೋ ದಿಕ್ಕಿಗೇನು ಖರ್ಚು?

ಮೈಸೂರು_ಒಳಾಂಗಣ
ಕಿಟಕಿ ಎಲ್ಲಿದೆ ಅನ್ನೋದರ ಮೇಲೆ ಕೂರೋ ದಿಕ್ಕು. ಪೂರ್ವಕ್ಕೆ ಕಿಟಕಿ ಇದ್ದು ಪೂರ್ವಕ್ಕೇ ಮುಖ ಮಾಡಿದ್ರೆ ಬೆಳಿಗ್ಗೆ ಹನ್ನೊಂದರವರೆಗೆ ಕಣ್ಣು ಕುಕ್ಕುತ್ತೆ. ಮುಂದಕ್ಕೆ ಹೋಗೋಣ.

ಕರಣೆ
ನೆಲ ಯಾರೂ ಹೇಳಲಿಲ್ಲ. ಒಡೆಯದ ಮೊಸಾಯಿಕ್ ಮೇಲೆ ಟೈಲ್ಸ್ ಹಾಕಿದ್ರೆ ಸಾಮಾನು, ಗಮ್, ಕೂಲಿ ಸೇರಿ ಚದರಡಿಗೆ 120 ಹಿಡಿದ್ರೂ 62 ಸಾವಿರ. ನೆಲ ಅರ್ಧ ಇಂಚು ಏರುತ್ತೆ, ಬಾಗಿಲ ಕೆಳಗೆ ಕೊಯ್ಯಬೇಕು, ಹೊಸ್ತಿಲಲ್ಲಿ ಎಡವೋದು ಬೇರೆ. ಪಾಲಿಶ್ ಚದರಡಿಗೆ 30 ಹಿಡಿದ್ರೆ 15,600.

ಪಾಲಿಶ್ ಒರಟು ಕಲ್ಲಿಂದ ಶುರುವಾಗಿ ನಯದ ಕಲ್ಲಿಗೆ ಹೋಗಬೇಕು. ಕಲ್ಲಿನ ನಂಬರ್ 60, 120, 220, 320, ಕೊನೆಗೆ ಆಕ್ಸಾಲಿಕ್ ಆಸಿಡ್ ಪುಡಿ. ಮೊದಲ ಕಲ್ಲು ಆದ ಮೇಲೆ ಸಣ್ಣ ತೂತಿಗೆಲ್ಲ ಬಿಳಿ ಸಿಮೆಂಟ್‌ಗೆ ಬಣ್ಣ ಕಲಸಿ ತುಂಬಿ, ಒಣಗಿಸಿ, ಆಮೇಲೆ ಮುಂದಿನ ಕಲ್ಲು. ಮಧ್ಯದ ಕಲ್ಲು ಹಾರಿಸಿದ್ರೆ ಮೇಲ್ನೋಟಕ್ಕೆ ಹೊಳಪು ಬರುತ್ತೆ, ಬಿಸಿಲು ಓರೆಯಾಗಿ ಬಿದ್ದಾಗ ಗೀರು ಸುತ್ತು ಸುತ್ತಾಗಿ ಕಾಣುತ್ತೆ.

ಮುಖ್ಯ: ಆ ಕೆಸರನ್ನ ಟಾಯ್ಲೆಟ್ಟಿಗೆ ಸುರಿಯೋಕೆ ಬಿಡಬೇಡಿ. ಟ್ರ್ಯಾಪಿನಲ್ಲಿ ಕೂತು ಕಲ್ಲಾಗುತ್ತೆ. ಬಕೆಟ್ಟಲ್ಲಿ ತುಂಬಿ ಕೆಳಗೆ ಸಾಗಿಸಲಿ.

ಉಪ್ಪುಕಾಗದ
ಪಾಲಿಶ್ ಕೆಸರು ಗೋಡೆಗೆ ಒಂದಡಿ ಎತ್ತರಕ್ಕೆ ಹಾರುತ್ತೆ. ಹಾಗಾಗಿ ಪ್ರೈಮರ್ ಮತ್ತು ಮೊದಲ ಕೋಟ್ ಆದ ಮೇಲೆ ಪಾಲಿಶ್, ಆಮೇಲೆ ಕೊನೇ ಕೋಟ್. ಪುಟ್ಟಿ ಧೂಳೂ ಹೊಸ ಪಾಲಿಶ್ ಮೇಲೆ ಬೀಳಲ್ಲ.

ಫೇಸ್_ನ್ಯೂಟ್ರಲ್
ಪಾಲಿಶ್ ಮಿಷನ್ನಿನ ಮೋಟಾರು ಹಳೇ ವೈರಿಗೆ ಹಾಕಿಬಿಟ್ರೆ ಹೊಗೆ ಬರುತ್ತೆ. ಹೊಸ ಡಿಬಿಯಿಂದ (ಎಂಸಿಬಿಗಳಿರೋ ಬೋರ್ಡು) 16 ಆಂಪ್ಸ್ ಸಾಕೆಟ್ ಒಂದು ತಯಾರಿರಲಿ. ಅಂದ್ರೆ ವೈರಿಂಗ್ ಎಲ್ಲಕ್ಕಿಂತ ಮುಂಚೆ.

ಕರಣೆ
ಗಾರೆ ಕೆಲಸಕ್ಕಿಂತ ಮುಂಚೆ ಅಲ್ಲ.

ಫೇಸ್_ನ್ಯೂಟ್ರಲ್
ತೇವದ ಗೋಡೆ ಮೇಲೆ ನಾನು ಪಟ್ಟಿನೇ ಹೊಡೆಯಲ್ಲ, ನಿಮ್ಮ ಗಾರೆ ನೀವು ಮಾಡ್ಕೊಳ್ಳಿ.

ಬಿಎಚ್‌ರಸ್ತೆ_ಲೆಕ್ಕಿಗ
ಇಷ್ಟು ಓದಿ ಹಾಕಿದ ಲೆಕ್ಕ. ದರ ಎಲ್ಲ ಇಲ್ಲಿ ವಿಚಾರಿಸಿದ ಅಂದಾಜು.

ತೇವ, ಗಾರೆ 15,000. ವೈರಿಂಗ್ ಸಾಮಾನು ಕೂಲಿ 45,000. ನೆಲ 15,600. ಪೇಂಟ್ 1,320 × 18 = 23,760. ಬ್ಯಾಟನ್ 15ಕ್ಕೆ 4,500. 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ (ಕರೆಂಟ್ ಉಳಿಸೋ ಮೋಟಾರಿನ) ಫ್ಯಾನ್ ನಾಲ್ಕಕ್ಕೆ 11,200. ನೆಟ್‌ವರ್ಕ್ 8,000. ಮೇಜು ಆರಕ್ಕೆ 27,000. ಹಳೇ ಕುರ್ಚಿ ಎಂಟಕ್ಕೆ 20,000. ಕ್ಯಾಬಿನ್ ಅಲ್ಯುಮಿನಿಯಂ ಪಾರ್ಟಿಷನ್, ಮೂಲೆಯಲ್ಲಾದ್ದರಿಂದ ಎರಡೇ ಬದಿ, 18 ಅಡಿ ಉದ್ದ × 7 ಅಡಿ = 126 ಚದರಡಿ, 300ರಂತೆ 37,800.

ಒಟ್ಟು 2,07,860. ಉಳಿದ 42,140ರಲ್ಲಿ ಕ್ಯಾಬಿನ್ನಿಗೆ ಒಂದು ಟನ್ ಎಸಿ ಬರಬಹುದಾ?

ಕುಡ್ಲ_ಸಿವಿಲ್
ಬರಬಹುದು, ಆದ್ರೆ ತರಬೇಡಿ. ಗಾರೆ ಕಿತ್ತ ಮೇಲೆ ಏನು ಸಿಗ್ತದೋ ಗೊತ್ತಿಲ್ಲ, ಆ 42 ಸಾವಿರ ಮುಟ್ಟಬೇಡಿ.

ಧಾರವಾಡದಾಂವ
ಟ್ಯಾಕ್ಸ್ ಮಂದಿ ಅಲ್ಲೇನ್ರಿ ನೀವು, ಜಿಎಸ್‌ಟಿ ಲೆಕ್ಕ ಎಲ್ಲೈತಿ? ರಿನೋವೇಷನ್‌ಗೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ಜಿಎಸ್‌ಟಿ ನಮ್ಮ ಜಿಎಸ್‌ಟಿಯೊಳಗ ಮುರಕೊಳ್ಳೂದು) ಸಿಗಂಗಿಲ್ಲಲಾ?

ಬಿಎಚ್‌ರಸ್ತೆ_ಲೆಕ್ಕಿಗ
ಪೂರ್ತಿ ಸಿಗಲ್ಲ ಅನ್ನೋದು ತಪ್ಪು. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5) ತಡೆಯೋದು ಸ್ಥಿರಾಸ್ತಿಗೆ ಮಾಡಿದ ಖರ್ಚನ್ನ, ಅದೂ ಲೆಕ್ಕದ ಪುಸ್ತಕದಲ್ಲಿ ಆಸ್ತಿಯಾಗಿ ಬಂಡವಾಳೀಕರಿಸಿದ ಮಟ್ಟಿಗೆ ಮಾತ್ರ. ರಿಪೇರಿ, ಪೇಂಟ್ ಖರ್ಚಾಗಿ ಬರೆದುಕೊಂಡ್ರೆ ಕ್ರೆಡಿಟ್ ಉಂಟು. ಮೇಜು, ಕುರ್ಚಿ, ಫ್ಯಾನ್ ಸ್ಥಿರಾಸ್ತಿಯೇ ಅಲ್ಲ. ಬಿಲ್ ಮಾತ್ರ ಫರ್ಮ್ ಹೆಸರಲ್ಲಿ, ಜಿಎಸ್‌ಟಿ ನಂಬರ್ ಸಮೇತ ಇರಬೇಕು. ಹಳೇ ಕುರ್ಚಿ ಅಂಗಡಿಯವರು ಮಾರ್ಜಿನ್ ಸ್ಕೀಮ್‌ನಲ್ಲಿ (ಕೊಂಡ ಮಾರಿದ ಬೆಲೆಯ ವ್ಯತ್ಯಾಸಕ್ಕೆ ಮಾತ್ರ ತೆರಿಗೆ) ಮಾರಿದ್ರೆ ಅದಕ್ಕೆ ಕ್ರೆಡಿಟ್ ಬರೋದು ಅನುಮಾನ.

ಮೈಸೂರು_ಒಳಾಂಗಣ
ಪಾರ್ಟಿಷನ್ 7 ಅಡಿಗೇ ನಿಲ್ಲಿಸಿ ಎಸಿ ಹಾಕೋದು ಹೇಗೆ? ತಂಪೆಲ್ಲ ಮೇಲಿಂದ ಹಾಲ್‌ಗೆ ಹೋಗುತ್ತೆ.

ಕೀಸುಳಿ
ಅದಕ್ಕೆ ಉಪಾಯ ಇದೆ. ನಿಲುವು ಸೆಕ್ಷನ್‌ಗಳನ್ನ ಮಾತ್ರ ಈಗಲೇ ಸೀಲಿಂಗ್‌ವರೆಗೆ ಒಯ್ದು ಬಿಗೀರಿ, ಪ್ರತಿ 4 ಅಡಿಗೊಂದು. 3 ಅಡಿವರೆಗೆ ಬೋರ್ಡು, 7ರವರೆಗೆ 5 ಮಿ.ಮೀ. ಗಾಜು, ಮೇಲೆ ಖಾಲಿ. ಫ್ಯಾನ್ ಗಾಳಿ, ಬೆಳಕು ಆಡುತ್ತೆ. ಎಸಿ ಬಂದಾಗ ಮೇಲಿನ 3 ಅಡಿ ಗಾಜು ಕೂರಿಸಿದ್ರೆ ಮುಗೀತು. ಈಗ ನಿಲುವನ್ನ 7 ಅಡಿಗೆ ಕೊಯ್ದುಬಿಟ್ರೆ ಆಮೇಲೆ ಪೂರ್ತಿ ಫ್ರೇಮ್ ಬದಲಾಯಿಸಬೇಕು. ನೆಲದ ಅಡ್ಡ ಸೆಕ್ಷನ್ ಕೆಳಗೆ ಬೋರ್ಡು ನೆಲ ಮುಟ್ಟಬಾರದು, ಒರೆಸೋ ನೀರು ಕುಡಿದು ಒಂದೇ ವರ್ಷಕ್ಕೆ ಉಬ್ಬುತ್ತೆ. ಎಲ್ಲ ಸ್ಕ್ರೂ, ಗಮ್ ಬೇಡ.

ಧಾರವಾಡದಾಂವ
11 ತಿಂಗಳ ಅಗ್ರಿಮೆಂಟಿಗೆ ಇದು ಛಲೋ ಮಾತು. ಪಾರ್ಟಿಷನ್, ಫ್ಯಾನ್, ಲೈಟ್, ಡಿಬಿ ಬಾಡಿಗಿದಾರಂದು, ಬಿಟ್ಟು ಹೋಗುವಾಗ ಬಿಚ್ಚಿಕೊಂಡು ಹೋಗ್ತೀವಂತ ಓನರ್ ಕೈಲೆ ಒಂದು ಪತ್ರಕ್ಕ ಸಹಿ ಹಾಕಿಸ್ಕೋರಿ. ಟಾಯ್ಲೆಟ್ ಸೋರೂದು, ತಾರಸಿ ಬಿಳಿ ಕೋಟು, ಅರ್ಥ್ ಪಿಟ್ಟು ಓನರ್ ಬಾಬ್ತು. ಆ ರೊಕ್ಕ ಬಾಡಿಗಿಯೊಳಗ ಮುರಕೊಳ್ಳೂದು ಅಂತ ಅದ್ರಾಗ ಬರಸ್ರಿ.

ಕರಣೆ
ಫೈಲ್ ರ್‍ಯಾಕ್ ಮರೀಬೇಡಿ. ಹಳೇ ದಾಖಲೆ 72 ತಿಂಗಳು ಇಡಬೇಕಲ್ಲ ನಿಮ್ಮ ಜಿಎಸ್‌ಟಿಯವರಿಗೆ. ರ್‍ಯಾಕ್ ಹಿಂದಿನ ಗೋಡೆಗೆ ಬೇಡ. ಬೇರೆ ಗೋಡೆಗೂ 3 ಇಂಚು ಬಿಟ್ಟು ನಿಲ್ಲಿಸಿ.

ಬಿಎಚ್‌ರಸ್ತೆ_ಲೆಕ್ಕಿಗ
ಓನರ್ ಹತ್ರ ಮಾತಾಡಿದೆ. ಟಾಯ್ಲೆಟ್ ಅವರೇ ಮಾಡಿಸ್ತಾರಂತೆ, ತಾರಸಿಗೆ ಅರ್ಧರ್ಧ. ಅರ್ಥ್ ಪಿಟ್ ಅಂದ್ರೆ ಏನು ಅಂತ ಕೇಳಿದ್ರು. ಭಾನುವಾರ ನಹಾನಿ ಟ್ರ್ಯಾಪ್ ಬಂದ್ ಮಾಡಿ ನೀರು ನಿಲ್ಲಿಸ್ತೀನಿ.

ಕುಡ್ಲ_ಸಿವಿಲ್
ಶನಿವಾರ ಸಂಜೆಯೇ ನಿಲ್ಲಿಸಿ, ಭಾನುವಾರ ಸಂಜೆ ನೋಡ್ಲಿಕ್ಕೆ ಸರಿಹೋಗ್ತದೆ. ಗೋಡೆ ಮೇಲೆ ಈಗಿನ ತೇವದ ಗೆರೆಗೆ ಪೆನ್ಸಿಲಲ್ಲಿ ಗುರುತು ಹಾಕಿ ಫೋಟೋ ತೆಗೆದಿಡಿ, ಇಲ್ಲದಿದ್ರೆ ಏರಿತೋ ಇಲ್ಲವೋ ಅಂತ ಓನರ್ ಜೊತೆ ವಾದ ಆಗ್ತದೆ.